ಹಿಮ ಕರಗುವ ಕಾಲದ ಎರಡು ನಿಸರ್ಗಚಿತ್ರಗಳು

ಬಯಲಿನಲ್ಲಿ ನಿಂತು ಬರೆದ ಚಿತ್ರವು ಚಿತ್ರಶಾಲೆಯಲ್ಲಿ ಬರೆದುದಕ್ಕಿಂತ ಸತ್ಯಕ್ಕೆ ಹತ್ತಿರವಾದುದೆಂಬ ಅಭಿಪ್ರಾಯವು ಕಲಾವಿಮರ್ಶೆಯಲ್ಲಿ ಬೇರೂರಿದೆ. ೧೮೪೧ರಲ್ಲಿ ಅಮೆರಿಕದ ಜಾನ್ ರ‍್ಯಾಂಡ್ ಎಂಬ ಚಿತ್ರಕಾರನು ಬಣ್ಣ ತುಂಬುವ ಲೋಹದ ಕೊಳವೆಗೆ ಪೇಟೆಂಟ್ ಪಡೆದ ಮೇಲೆ ತೈಲವರ್ಣಗಳನ್ನು ಊರ ಹೊರಗೆ ಒಯ್ಯುವುದು ಸುಲಭವಾಯಿತು; ಈ ಅಭಿಪ್ರಾಯಕ್ಕೂ ಬಲ ಬಂದಿತು. ಇದನ್ನು ಪರೀಕ್ಷಿಸಲು ಚಳಿಗಾಲವು ವಸಂತಕ್ಕೆ ತಿರುಗುವ ಸಂಧಿಕಾಲಕ್ಕಿಂತ ತಕ್ಕ ಒರೆಗಲ್ಲಿಲ್ಲ. ಆಗ ಹಿಮವು ಬೆಳಗಿನಲ್ಲಿ ಒಂದು ಬಗೆ, ಮಧ್ಯಾಹ್ನದಲ್ಲಿ ಇನ್ನೊಂದು ಬಗೆ. ಕುಂಚವು ಓಡುವುದಕ್ಕೆ ಮೊದಲೇ ವಸ್ತುವು ಮಾರ್ಪಟ್ಟಿರುತ್ತದೆ. ಮಾಸ್ಕೋದ ತ್ರೆತ್ಯಾಕೋವ್ ಸಂಗ್ರಹಾಲಯದಲ್ಲಿರುವ, ರಷ್ಯದ ಗುರುಶಿಷ್ಯರಿಬ್ಬರ ಎರಡು ಚಿತ್ರಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಬಯಸುತ್ತೇವೆ.

ಶಿಷ್ಯನಾದ ಐಸಾಕ್ ಲೆವಿತಾನನ ‘ಮಾರ್ಚ್’ (೧೮೯೫) ತ್ವೇರ್ ಪ್ರಾಂತದ ಗೋರ್ಕಾ ಎಂಬಲ್ಲಿ, ಬಯಲಿನಲ್ಲಿಯೇ ಬರೆದ ಚಿತ್ರ. ಹಳದಿ ಬಣ್ಣದ ಮನೆ, ತೆರೆದ ಬಾಗಿಲು, ಅದರ ಮುಂದೆ ಬಿಸಿಲಿನಲ್ಲಿ ನಿಂತ ಹಿಮಬಂಡಿಯ ಕುದುರೆ, ಹಿನ್ನೆಲೆಯಲ್ಲಿ ಕಾಡು. ಇವೆಲ್ಲಕ್ಕಿಂತ ಗಮನಾರ್ಹವಾದುದು ನೆರಳು. ಹಿಮದ ಮೇಲೆ ಬಿದ್ದ ನೆರಳು ಇಲ್ಲಿ ಕಪ್ಪಲ್ಲ, ನೀಲಿ. ಏಕೆಂದರೆ ಬಿಸಿಲು ನೇರವಾಗಿ ತಾಕದ ಹಿಮವನ್ನು ಬೆಳಗುವುದು ಆಕಾಶದ ಬೆಳಕು. ಇದು ಸ್ಥಳದಲ್ಲಿ ನಿಂತು ನೋಡಿದ ಕಣ್ಣಿಗೆ ದಕ್ಕಿದ ಸತ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಸತ್ಯವು ಒಂದು ಗಳಿಗೆಯದು.

ಗುರುವಾದ ಅಲೆಕ್ಸಿ ಸವ್ರಾಸೋವನ ‘ರೂಕ್ ಹಕ್ಕಿಗಳು ಮರಳಿ ಬಂದವು’ (೧೮೭೧) ಬೇರೊಂದು ರೀತಿಯದು. ಕೊಸ್ತ್ರೋಮಾ ಪ್ರಾಂತದ ಮೊಲ್ವಿತಿನೋ ಗ್ರಾಮದಲ್ಲಿ ಅಭ್ಯಾಸಚಿತ್ರಗಳನ್ನು ಬರೆದುಕೊಂಡು ಅವನು ಕೃತಿಯನ್ನು ಮಾಸ್ಕೋದಲ್ಲಿ ಮುಗಿಸಿದನು. ಕಾಗೆಯ ಜಾತಿಗೆ ಸೇರಿದ ಈ ಹಕ್ಕಿಗಳು ವಲಸೆಯಿಂದ ಹಿಂದಿರುಗುವುದೇ ಅಲ್ಲಿಯ ಜನಕ್ಕೆ ವಸಂತದ ಮುನ್ಸೂಚನೆ. ಬೋಳು ಬರ್ಚ್ ಮರಗಳಲ್ಲಿ ಗೂಡುಗಳು. ಮಾಸಿದ ಹಿಮದ ಮೇಲೆ ಕಡ್ಡಿ ಕಚ್ಚಿಕೊಂಡ ಒಂದು ಹಕ್ಕಿ. ಬೇಲಿಯಾಚೆ ಗಾರೆ ಕಳಚಿದ ಇಗರ್ಜಿ. ಅದಕ್ಕೂ ಆಚೆ ನೆಲ ಕಾಣತೊಡಗಿದ ಹೊಲ. ಹಸುರಿನ ಒಂದು ಎಸಳೂ ಇಲ್ಲ. ಆದರೂ ವಸಂತವು ಬಂದಿದೆ. ಇಲ್ಲಿ ಚಿತ್ರಿತವಾದುದು ಗಳಿಗೆಯಲ್ಲ, ಋತು. ಕಂಡದ್ದನ್ನು ಆಯ್ದು ಜೋಡಿಸಿದ ಫಲ ಅದು. ವಿದೇಶದ ರಮ್ಯದೃಶ್ಯಗಳನ್ನೇ ಮೆಚ್ಚಿದ್ದವರ ಮುಂದೆ, ಅದೇ ವರ್ಷ ಪೀಟರ್ಸ್‌ಬರ್ಗಿನಲ್ಲಿ ನಡೆದ ಸಂಚಾರೀ ಕಲಾವಿದರ ಸಂಘದ ಮೊದಲ ಪ್ರದರ್ಶನದಲ್ಲಿ, ಈ ಸಾಮಾನ್ಯ ಹಳ್ಳಿಯು ತಲೆಯೆತ್ತಿ ನಿಂತಿತು.

ಸಮಕಾಲೀನವೆಂಬ ಒಂದೇ ಕಾರಣಕ್ಕೆ ಶಾಸನದ ಪ್ರಶಸ್ತಿಭಾಗವನ್ನು ನಾವು ಯಥಾವತ್ತಾಗಿ ನಂಬುವುದಿಲ್ಲ. ಕಾಲಾಂತರದಲ್ಲಿ ಬರೆದುದೆಂದು ಚರಿತೆಯನ್ನು ತಳ್ಳಿಹಾಕುವುದೂ ಇಲ್ಲ. ಚಿತ್ರಕ್ಕೂ ಇದೇ ನ್ಯಾಯ ಸಲ್ಲಬೇಕು. ಬಯಲಿನಲ್ಲಿ ಬರೆಯುವುದು ಸತ್ಯಕ್ಕೆ ಒಂದು ಸಾಧನವೇ ಹೊರತು ಅದರ ಪ್ರಮಾಣವಲ್ಲ. ಹಿಮದ ಮೇಲೆ ಬೆಳಕು ಹೇಗಿತ್ತೆಂಬುದಕ್ಕೆ ಲೆವಿತಾನನು ಸಾಕ್ಷಿ. ಒಂದು ಜನಪದವು ಋತುವಿನ ಬರವನ್ನು ಯಾವ ಗುರುತುಗಳಿಂದ ಅರಿಯುತ್ತಿತ್ತೆಂಬುದಕ್ಕೆ ಸವ್ರಾಸೋವನು ಸಾಕ್ಷಿ. ಚಿತ್ರಗಳನ್ನು ಆಧಾರವಾಗಿ ಬಳಸುವ ಇತಿಹಾಸದ ವಿದ್ಯಾರ್ಥಿಯು ಅವು ಎಲ್ಲಿ ರಚಿತವಾದುವೆಂದು ಕೇಳಿ ನಿಲ್ಲದೆ, ಯಾವುದಕ್ಕೆ ಸಾಕ್ಷಿ ನುಡಿಯುತ್ತಿವೆಯೆಂದು ವಿಚಾರಿಸುವುದು ಯುಕ್ತ.