ಜೈಲಿಗೆ ಹೊರಟವನು ಒಪ್ಪಿಸಿದ ಲೆಕ್ಕ



ಕಳೆದ ತಿಂಗಳು ಬರ್ಲಿನ್ನಿನಲ್ಲಿ ನಮ್ಮ ಕೂಟ ಸೇರಿದಾಗ ಓದಿಗೆಂದು ಆರಿಸಿಕೊಂಡದ್ದು ಒಂದು ಪುಟ್ಟ ಪ್ರಬಂಧ. ಬರೆದವನು ಕಾರ್ಲ್ ಫಾನ್ ಒಸ್ಸಿಯೆಟ್ಸ್ಕಿ. ಹೆಸರು ‘ರೆಖೆನ್‌ಶಾಫ್ಟ್’, ಕನ್ನಡದಲ್ಲಿ ‘ಲೆಕ್ಕ ಒಪ್ಪಿಸುವುದು’ ಅನ್ನಬಹುದು. 1932ರ ಮೇ 10ರಂದು, ಅಂದರೆ ಲೇಖಕ ಬರ್ಲಿನ್ನಿನ ಟೇಗೆಲ್ ಜೈಲಿನೊಳಗೆ ಕಾಲಿಟ್ಟ ದಿನವೇ, ಅವನು ಸಂಪಾದಿಸುತ್ತಿದ್ದ ‘ಡೀ ವೆಲ್ಟ್‌ಬ್ಯೂನೆ’ ವಾರಪತ್ರಿಕೆಯಲ್ಲಿ ಅದು ಅಚ್ಚಾಯಿತು. ಓದು ಬೇಗ ಮುಗಿಯಿತು, ಜಗಳ ಮುಗಿಯುವಾಗ ರಾತ್ರಿ ಹನ್ನೊಂದಾಗಿತ್ತು. ಚಿತ್ರಾನ್ನ ತಣ್ಣಗಾಯಿತು. ಜಗಳವಾದರೂ ಪ್ರಬಂಧದ ಬಗ್ಗೆ ಅಲ್ಲ, ಮನುಷ್ಯನ ಬಗ್ಗೆ. ಇವನು ಧೀರನೋ, ಹಠಮಾರಿಯೋ, ದೇಶದ ಗುಟ್ಟು ರಟ್ಟು ಮಾಡಿದವನೋ? ಮನೆಗೆ ಬಂದ ಮೇಲೆ ಯೋಚಿಸಿದರೆ, ತೊಂಬತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಜರ್ಮನಿಯೂ ಆಡಿದ್ದು ಇದೇ ಜಗಳ. ನಮ್ಮ ಹಾಗೆಯೇ ಅದೂ ಬರಹವನ್ನು ಪಕ್ಕಕ್ಕಿಟ್ಟು ಬರೆದವನ ಜಾತಕ ಬಿಚ್ಚಿತ್ತು.

ಹಿನ್ನೆಲೆ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿ ವಾಯುಪಡೆ ಇಟ್ಟುಕೊಳ್ಳಬಾರದೆಂದು ವರ್ಸಾಯ್ ಒಪ್ಪಂದ ಕಟ್ಟುಹಾಕಿತ್ತು. 1929ರ ಮಾರ್ಚ್ 12ರ ‘ವೆಲ್ಟ್‌ಬ್ಯೂನೆ’ಯಲ್ಲಿ ವಾಲ್ಟರ್ ಕ್ರೈಸರ್ ಎಂಬಾತ ಹೈನ್ಜ್ ಯೇಗರ್ ಎಂಬ ಗುಪ್ತನಾಮದಲ್ಲಿ ಒಂದು ಲೇಖನ ಬರೆದ. ಶೀರ್ಷಿಕೆಯಲ್ಲಿದ್ದ ‘ವಿಂಡಿಗ್’ ಎಂಬ ಪದಕ್ಕೆ ಗಾಳಿಗೆ ಸಂಬಂಧಿಸಿದ್ದು ಎಂಬ ಅರ್ಥವೂ ಇದೆ, ನಂಬಲಾಗದ್ದು ಎಂಬ ಅರ್ಥವೂ ಇದೆ. ನಮ್ಮ ‘ಗಾಳಿ ಮಾತು’ ಇದಕ್ಕೆ ಹತ್ತಿರ. ಲೇಖನದ ಬಹುಪಾಲು ನಾಗರಿಕ ವಿಮಾನಯಾನಕ್ಕೆ ಸರ್ಕಾರ ಸುರಿಯುತ್ತಿದ್ದ ಹಣದ ಕುರಿತ ಒಣ ಚರ್ಚೆ. ಕೊನೆಯಲ್ಲಿ ಮಾತ್ರ ಆತ ಸೇನೆ ಗುಟ್ಟಾಗಿ ವಿಮಾನ ಘಟಕಗಳನ್ನು ಕಟ್ಟುತ್ತಿರುವುದನ್ನೂ, ಆ ವಿಮಾನಗಳೆಲ್ಲ ಸದಾ ಜರ್ಮನಿಯಲ್ಲೇ ಇರುವುದಿಲ್ಲ ಎಂಬುದನ್ನೂ ಸೂಚಿಸಿ ಸುಮ್ಮನಾಗುತ್ತಾನೆ. ಆಗ ಸೋವಿಯತ್ ರಷ್ಯಾದ ಲಿಪೆಟ್ಸ್ಕ್‌ನಲ್ಲಿ ಜರ್ಮನ್ ಪೈಲಟ್‌ಗಳ ತರಬೇತಿ ನಡೆಯುತ್ತಿತ್ತು. ಬರೆದದ್ದರಲ್ಲಿ ಎಷ್ಟೋ ಸಂಗತಿ ಸಂಸತ್ತಿನ ಆಯವ್ಯಯ ಸಮಿತಿಯ ಕಾಗದಪತ್ರಗಳಲ್ಲೇ ಇತ್ತು.

1931ರ ನವೆಂಬರಿನಲ್ಲಿ ಲೈಪ್‌ಜಿಗ್‌ನ ರೈಖ್ಸ್ ಸರ್ವೋಚ್ಚ ನ್ಯಾಯಾಲಯ ಬಾಗಿಲು ಮುಚ್ಚಿ ವಿಚಾರಣೆ ನಡೆಸಿ, ಸೇನೆಯ ಗುಟ್ಟು ಹೊರಗೆಡವಿದ ಅಪರಾಧಕ್ಕೆ ಲೇಖಕ, ಸಂಪಾದಕ ಇಬ್ಬರಿಗೂ ಒಂದೂವರೆ ವರ್ಷ ಸಜೆ ವಿಧಿಸಿತು. ಗುಟ್ಟು ಕಾನೂನುಬಾಹಿರವೇ ಆಗಿದ್ದರೂ ಪ್ರಜೆ ಅದನ್ನು ಕಾಯಬೇಕೆಂಬುದು ಆ ನ್ಯಾಯಾಲಯದ ನಿಲುವು. ಕ್ರೈಸರ್ ಫ್ರಾನ್ಸಿಗೆ ಹೋದ. ಒಸ್ಸಿಯೆಟ್ಸ್ಕಿಗೂ ಹೋಗಲು ದಾರಿ ತೆರೆದಿತ್ತು. ಹೋಗಲಿಲ್ಲ.

ಈಗ ಊರಿನ ಪ್ರತಿಕ್ರಿಯೆ ನೋಡಿ. ರಾಷ್ಟ್ರವಾದಿ ಪತ್ರಿಕೆಗಳಿಗೆ ಅವನು ದ್ರೋಹಿ. ಮುಂದೆ ಓದುವ ಅಗತ್ಯವೇ ಇಲ್ಲ. ಉದಾರವಾದಿ ಪತ್ರಿಕೆಗಳು ತೀರ್ಪನ್ನು ಖಂಡಿಸಿದವು. ಜರ್ಮನ್ ಮಾನವ ಹಕ್ಕುಗಳ ಸಂಘ ಕ್ಷಮಾದಾನದ ಮನವಿಗೆ 42 ಸಾವಿರಕ್ಕೂ ಹೆಚ್ಚು ಸಹಿ ಕೂಡಿಸಿತು. ಥಾಮಸ್ ಮಾನ್, ಐನ್‌ಸ್ಟೈನ್ ಅಂಥವರೇ ಬೆಂಬಲಕ್ಕೆ ನಿಂತರು. ಕ್ಷಮೆ ಸಿಗಲಿಲ್ಲ. ಮೇ 10ರಂದು ಕಾರುಗಳ ಸಾಲು ಕಟ್ಟಿಕೊಂಡು ಲೇಖಕರ ದಂಡೇ ಟೇಗೆಲ್‌ಗೆ ಬಂದು ಅವನನ್ನು ಬೀಳ್ಕೊಟ್ಟಿತು. ಆರ್ನಾಲ್ಡ್ ಸ್ವೈಗ್ ಇದ್ದ, ಎರ್ನ್‌ಸ್ಟ್ ಟೊಲ್ಲರ್ ಇದ್ದ, ಎರಿಖ್ ಮ್ಯೂಸಾಮ್ ಇದ್ದ. ಆ ದಿನದ ಫೋಟೋ ನೋಡಿದರೆ ಯಾರನ್ನೋ ರೈಲು ಹತ್ತಿಸಲು ಬಂದವರ ಹಾಗಿದ್ದಾರೆ. ಎರಡೇ ವರ್ಷದಲ್ಲಿ ಮ್ಯೂಸಾಮ್‌ನ ಕೊಲೆ ನಾಜಿ ಶಿಬಿರದಲ್ಲಾಯಿತು, ಸ್ವೈಗ್ ಪ್ಯಾಲೆಸ್ಟೈನಿಗೆ ಹೋಗಿದ್ದ. ಟೊಲ್ಲರ್ 1939ರಲ್ಲಿ ನ್ಯೂಯಾರ್ಕಿನಲ್ಲಿ ಆತ್ಮಹತ್ಯೆ ಮಾಡಿಕೊಂಡ.

ಇಷ್ಟು ಗದ್ದಲದ ನಡುವೆ ಪ್ರಬಂಧ ಮಾತ್ರ ತಣ್ಣಗಿದೆ, ಇದೇ ಅದರ ಗುಣ. ಓದುಗ ಕಣ್ಣೀರಿಗೆ ತಯಾರಾಗಿ ಕೂತಿದ್ದರೆ ನಿರಾಶೆಯಾಗುತ್ತದೆ. ನಾನು ತ್ಯಾಗ ಮಾಡುತ್ತಿದ್ದೇನೆ ಎಂಬ ಧಾಟಿ ಎಲ್ಲೂ ಇಲ್ಲ. ತಾನು ಕಾನೂನಿಗೆ ತಲೆಬಾಗಿ ಹೋಗುತ್ತಿಲ್ಲ, ಒಳಗಿದ್ದಾಗಲೇ ತಾನು ಅವರಿಗೆ ಹೆಚ್ಚು ಕಿರಿಕಿರಿ, ಸೆರೆಯಲ್ಲಿ ಕೂತಿರುವುದೇ ಆ ತೀರ್ಪಿನ ವಿರುದ್ಧ ನಡೆದಾಡುವ ಪ್ರತಿಭಟನೆ ಎಂಬುದು ಅವನ ಲೆಕ್ಕ. ಕನ್ನಡದಲ್ಲಿ ಹೇಳುವುದಾದರೆ, ಕಾಲಿನ ಮುಳ್ಳು ಕಾಲಲ್ಲೇ ಇದ್ದರೆ ತಾನೆ ಚುಚ್ಚುವುದು? ಅದಕ್ಕೇ ಶೀರ್ಷಿಕೆಯನ್ನು ನಾನು ‘ಸಮರ್ಥನೆ’ ಎಂದು ಅನುವಾದಿಸಲು ಒಪ್ಪುವುದಿಲ್ಲ. ಅಂಗಡಿ ಮುಚ್ಚಿ ಊರಿಗೆ ಹೋಗುವ ಗುಮಾಸ್ತ ಯಜಮಾನನ ಮುಂದೆ ಖಾತೆ ಪುಸ್ತಕ ಇಡುವ ಹಾಗೆ ಇದೆ ಈ ಬರಹ. ಇಲ್ಲಿ ಯಜಮಾನ ಓದುಗ.

ಆದರೆ ಪ್ರಬಂಧದಲ್ಲಿ ಒಂದು ಮಾತು ಇದೆ, ಅದು ನಮ್ಮಂಥವರಿಗೆ ಚುರುಕು ಮುಟ್ಟಿಸುವಂಥದು. ಗಡಿ ದಾಟಿ ಹೋದ ವಿರೋಧಿಯ ದನಿ ಸ್ವಲ್ಪ ದಿನದಲ್ಲೇ ತನ್ನ ನಾಡಿಗೆ ಟೊಳ್ಳಾಗಿ ಕೇಳಿಸತೊಡಗುತ್ತದೆ ಎನ್ನುತ್ತಾನೆ ಆತ. ಈ ಸಾಲು ಬಂದಾಗ ನಮ್ಮ ಕೋಣೆ ಒಂದು ಕ್ಷಣ ಸುಮ್ಮನಾಯಿತು. ಹದಿನೈದು, ಇಪ್ಪತ್ತು ವರ್ಷಗಳಿಂದ ಇಲ್ಲಿದ್ದು, ವಾರಕ್ಕೊಂದು ಸಲ ಕರ್ನಾಟಕದ ರಾಜಕೀಯದ ಮೇಲೆ ಉದ್ದುದ್ದ ಇಮೇಲ್ ಬರೆಯುವವರೇ ಅಲ್ಲಿದ್ದವರೆಲ್ಲ, ನಾನೂ ಸೇರಿದಂತೆ.

ಈ ಮಾತು ನಿಜವೆ? ಅವನ ಮುಂದಿನ ಬದುಕೇ ಇದಕ್ಕೆ ಹೌದೂ ಎನ್ನುತ್ತದೆ, ಇಲ್ಲವೂ ಎನ್ನುತ್ತದೆ. 1932ರ ಕ್ರಿಸ್ಮಸ್ ಹೊತ್ತಿಗೆ ಸಾರ್ವತ್ರಿಕ ಕ್ಷಮಾದಾನದಲ್ಲಿ ಬಿಡುಗಡೆಯಾದವನನ್ನು ರೈಖ್‌ಸ್ಟಾಗ್ ಕಟ್ಟಡಕ್ಕೆ ಬೆಂಕಿ ಬಿದ್ದ ಮರುದಿನ, 1933ರ ಫೆಬ್ರವರಿ 28ರಂದು, ಮತ್ತೆ ಹಿಡಿದರು. ಸೊನ್ನೆನ್‌ಬುರ್ಗ್, ಆಮೇಲೆ ಎಸ್ಟರ್‌ವೇಗೆನ್ ಶಿಬಿರ. ಈಗ ಒಳಗಿದ್ದವನ ಕಿರಿಕಿರಿ ಯಾರಿಗೂ ತಟ್ಟಲಿಲ್ಲ, ಏಕೆಂದರೆ ನಾಚಿಕೆ ಇರುವ ಸರ್ಕಾರಕ್ಕೆ ಮಾತ್ರ ಆ ಮುಳ್ಳು ಚುಚ್ಚುತ್ತದೆ. ಅವನ ಲೆಕ್ಕ ತಪ್ಪಿದ್ದು ಇಲ್ಲಿ ಎಂದು ನನಗನ್ನಿಸುತ್ತದೆ. 1932ರ ಜೈಲನ್ನು ನೋಡಿ ಹಾಕಿದ ಲೆಕ್ಕ 1933ರ ಶಿಬಿರಕ್ಕೆ ಹೊಂದಲಿಲ್ಲ. ಆಗ ಅವನಿಗಾಗಿ ದನಿ ಎತ್ತಿದವರು ಗಡಿ ದಾಟಿದವರೇ. ಪ್ಯಾರಿಸ್ಸಿನಲ್ಲಿದ್ದ ಹೆಲ್ಮುಟ್ ಫಾನ್ ಗೆರ್‌ಲಾಖ್, ಹಿಲ್ಡೆ ವಾಲ್ಟರ್, ನಾರ್ವೆಯಲ್ಲಿದ್ದ ಎಳೆಯ ವಿಲ್ಲಿ ಬ್ರಾಂಟ್ (ಮುಂದೆ ಜರ್ಮನಿಯ ಚಾನ್ಸಲರ್ ಆದವನು) ನೊಬೆಲ್ ಶಾಂತಿ ಪ್ರಶಸ್ತಿಗಾಗಿ ಓಡಾಡಿದರು. 1935ನೇ ಸಾಲಿನ ಪ್ರಶಸ್ತಿ 1936ರ ನವೆಂಬರಿನಲ್ಲಿ ಅವನಿಗೆ ಘೋಷಣೆಯಾಯಿತು. ಅಷ್ಟರಲ್ಲಿ ಅವನನ್ನು ಶಿಬಿರದಿಂದ ಬರ್ಲಿನ್ನಿನ ಆಸ್ಪತ್ರೆಗೆ ತಂದಾಗಿತ್ತು. ಟೊಳ್ಳು ದನಿ ಅಷ್ಟರ ಮಟ್ಟಿಗೆ ಮುಟ್ಟಿತ್ತು. ಅಷ್ಟರ ಮಟ್ಟಿಗೆ ಮಾತ್ರ. ಕ್ಷಯ ಒಳಹೊಕ್ಕಿತ್ತು, 1938ರ ಮೇ 4ರಂದು ತೀರಿಕೊಂಡ.

ಈ ನಡುವೆ ನಡೆದ ಎರಡು ಪ್ರತಿಕ್ರಿಯೆಗಳನ್ನು ಸಾಹಿತ್ಯದ ವಿದ್ಯಾರ್ಥಿಗಳು ಅಕ್ಕಪಕ್ಕ ಇಟ್ಟು ನೋಡಬೇಕು. ಒಂದು, ಕ್ನುಟ್ ಹಾಮ್ಸನ್‌ನದು. 1920ರಲ್ಲಿ ತಾನೇ ನೊಬೆಲ್ ಪಡೆದಿದ್ದ ಈ ನಾರ್ವೆಯ ಮಹಾ ಕಾದಂಬರಿಕಾರ 1935ರ ನವೆಂಬರಿನಲ್ಲಿ ಪತ್ರಿಕೆಗಳಲ್ಲಿ ಒಸ್ಸಿಯೆಟ್ಸ್ಕಿಯನ್ನು ಹಳಿದ. ಹೋಗಬಹುದಾಗಿದ್ದವನು ಏಕೆ ಹೋಗಲಿಲ್ಲ, ಹುತಾತ್ಮನಾಗುವ ಆಸೆಯಿಂದಲೇ ಉಳಿದನಲ್ಲವೆ ಎಂಬುದು ಅವನ ಆಕ್ಷೇಪದ ಸಾರ. ನಾರ್ವೆಯ ಅನೇಕ ಲೇಖಕರು ಇದನ್ನು ಪ್ರತಿಭಟಿಸಿದರು. ಇನ್ನೊಂದು ಕುರ್ಟ್ ಟುಖೋಲ್ಸ್ಕಿಯದು. ‘ವೆಲ್ಟ್‌ಬ್ಯೂನೆ’ಯ ಅತಿ ಹರಿತ ಲೇಖನಿ ಅವನು, ಇರುತ್ತಿದ್ದುದು ಸ್ವೀಡನ್ನಿನಲ್ಲಿ. ಸೈನಿಕರನ್ನು ಕೊಲೆಗಾರರೆಂದು ಅವನು ಬರೆದದ್ದಕ್ಕೆ 1932ರ ಜುಲೈನಲ್ಲಿ ಕಟಕಟೆ ಹತ್ತಿದ್ದು, ಆಗಲೇ ಜೈಲಿನಲ್ಲಿದ್ದ ಸಂಪಾದಕ ಒಸ್ಸಿಯೆಟ್ಸ್ಕಿ. (ಆ ಮೊಕದ್ದಮೆಯಲ್ಲಿ ಬಿಡುಗಡೆಯಾಯಿತು.) ಟುಖೋಲ್ಸ್ಕಿ ಬರಲಿಲ್ಲ, ಬಾರದಿದ್ದುದು ರಣದಿಂದ ಓಡಿಹೋದಂತೆ ಎಂಬ ಕೊರಗು ಅವನನ್ನು ಬಿಡಲಿಲ್ಲ. ಯೌವನದಿಂದ ಆರಾಧಿಸಿದ್ದ ಹಾಮ್ಸನ್ ತನ್ನ ಗೆಳೆಯನನ್ನು ತುಳಿದದ್ದು ಅವನಿಗೆ ಕೊನೆಯ ಪೆಟ್ಟುಗಳಲ್ಲೊಂದು. 1935ರ ಡಿಸೆಂಬರ್ 21ರಂದು ಅವನೂ ಹೋದ.

ಹಾಮ್ಸನ್ ಆ ಪ್ರಬಂಧವನ್ನು ಗಮನವಿಟ್ಟು ಓದಿದ್ದರೆ ಆ ಪ್ರಶ್ನೆಗೆ ಉತ್ತರ ಅಲ್ಲೇ ಇತ್ತು. ಅವನೂ ಬರಹವನ್ನು ಬಿಟ್ಟು ಮನುಷ್ಯನ ಬೆನ್ನು ಹತ್ತಿದ. ನಿಜ ಹೇಳಬೇಕೆಂದರೆ ಅಭಿಮಾನಿಗಳದೂ ಅದೇ ರೋಗ. ಇನ್ನೊಂದು ಸಂಗತಿ ಕೇಳಿ: 1935ರ ಮಾರ್ಚಿನಲ್ಲಿ ಜರ್ಮನಿ ತನಗೆ ವಾಯುಪಡೆ ಇದೆಯೆಂದು ತಾನೇ ಲೋಕಕ್ಕೆ ಸಾರಿತು. ಯಾವ ಗುಟ್ಟಿಗಾಗಿ ಅವನಿಗೆ ಶಿಕ್ಷೆಯಾಗಿತ್ತೋ ಅದನ್ನು ಸರ್ಕಾರವೇ ಡಂಗುರ ಹೊಡೆಸಿದಾಗ ಅವನು ಎಸ್ಟರ್‌ವೇಗೆನ್ನಿನಲ್ಲಿ ಸಾಯುತ್ತಿದ್ದ. ಶಾಂತಿಯ ಸಂತ ಎಂದು ಹೊಗಳುವ ಭಾಷಣಗಳಲ್ಲಿ ಈ ಮಾತು ಬರುವುದು ಕಡಿಮೆ. ಸಂತನಿಗೆ ವಿಮಾನಗಳ ಲೆಕ್ಕ ಯಾಕೆ ಬೇಕು!

ಯುದ್ಧ ಮುಗಿದ ಮೇಲಾದರೂ ಸರಿಹೋಯಿತೆ? ಓಲ್ಡೆನ್‌ಬುರ್ಗ್ ವಿಶ್ವವಿದ್ಯಾಲಯದವರು 1970ರ ದಶಕದಲ್ಲಿ ತಮ್ಮ ಸಂಸ್ಥೆಗೆ ಅವನ ಹೆಸರಿಡಬೇಕೆಂದರು. ರಾಜ್ಯ ಸರ್ಕಾರ ಒಪ್ಪಲಿಲ್ಲ. ವಿದ್ಯಾರ್ಥಿಗಳು ಕಟ್ಟಡದ ಮೇಲೆ ಹಚ್ಚಿದ ಅಕ್ಷರಗಳನ್ನು ಪೊಲೀಸ್ ಕಾವಲಿನಲ್ಲಿ ಕಿತ್ತುಹಾಕಿಸಿತು. ಹೆಸರು ಅಧಿಕೃತವಾದದ್ದು 1991ರಲ್ಲಿ. ಮರುವರ್ಷ, 1992ರಲ್ಲಿ, ಮಗಳು ರೊಸಾಲಿಂಡೆ ತಂದೆಯ ಮೊಕದ್ದಮೆಯನ್ನು ಮತ್ತೆ ತೆರೆಯಿರೆಂದು ಮಾಡಿದ ಪ್ರಯತ್ನವನ್ನು ಜರ್ಮನಿಯ ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿತು. ಹೊಸ ಸಾಕ್ಷ್ಯ ಸಾಲದಂತೆ. ರಸ್ತೆಗೆ ಹೆಸರು, ಶಾಲೆಗೆ ಹೆಸರು, ವಿಶ್ವವಿದ್ಯಾಲಯಕ್ಕೆ ಹೆಸರು. 1931ರ ತೀರ್ಪು ಮಾತ್ರ ಕಡತದಲ್ಲಿ ಹಾಗೆಯೇ ನಿಂತಿತು.

ಜರ್ಮನ್ನರಲ್ಲಿ ಇಂಥವರನ್ನು ಬೈಯಲು ‘ನೆಸ್ಟ್‌ಬೆಶ್ಮುಟ್ಸರ್’ ಎಂಬ ಪದವಿದೆ, ತನ್ನ ಗೂಡನ್ನೇ ಹೊಲಸು ಮಾಡುವವ ಎಂದು. ನಾವು ನಗುವ ಹಾಗಿಲ್ಲ. ಉಂಡ ಮನೆಯ ಜಂತೆ ಎಣಿಸುವವ ಎಂಬ ಮಾತು ನಮ್ಮಲ್ಲೂ ಇದೆ. ಎಣಿಸಿದವನನ್ನು ಬೈಯುತ್ತೇವೆಯೇ ಹೊರತು ಜಂತೆಗೆ ಗೆದ್ದಲು ಹಿಡಿದಿತ್ತೆ ಎಂದು ತಲೆ ಎತ್ತಿ ನೋಡುವುದಿಲ್ಲ. ಬರ್ಲಿನ್ನಿನ ವೃದ್ಧರ ಆರೈಕೆಯ ದಾದಿ ಬ್ರಿಗಿಟ್ಟೆ ಹೈನಿಷ್ ತಮ್ಮ ಸಂಸ್ಥೆಯಲ್ಲಿ ಸಿಬ್ಬಂದಿ ಸಾಲದೆ ಆರೈಕೆ ಸರಿಯಾಗಿ ನಡೆಯುತ್ತಿಲ್ಲವೆಂದು ಹೇಳಿ ಹೇಳಿ, ಕೊನೆಗೆ 2004ರಲ್ಲಿ ದೂರು ಕೊಟ್ಟು ಕೆಲಸ ಕಳೆದುಕೊಂಡರು. ಇಲ್ಲಿಯ ನ್ಯಾಯಾಲಯಗಳಲ್ಲಿ ಸೋತ ಮೇಲೆ 2011ರ ಜುಲೈ 21ರಂದು ಸ್ಟ್ರಾಸ್‌ಬುರ್ಗ್‌ನ ಮಾನವ ಹಕ್ಕುಗಳ ನ್ಯಾಯಾಲಯ ಅವರ ವಾಕ್‌ಸ್ವಾತಂತ್ರ್ಯಕ್ಕೆ ಚ್ಯುತಿಯಾಗಿದೆ ಎಂದಿತು. ಇಂಥವರ ರಕ್ಷಣೆಗೆಂದೇ ಜರ್ಮನಿಯಲ್ಲಿ ಕಾನೂನು ಜಾರಿಗೆ ಬಂದದ್ದು 2023ರ ಜುಲೈನಲ್ಲಿ. ಊರಿನ ಕಡೆ 2017ರ ಜುಲೈನಲ್ಲಿ ಕಾರಾಗೃಹ ಇಲಾಖೆಯ ಡಿಐಜಿ ಆಗಿದ್ದ ಡಿ. ರೂಪಾ ಅವರು ಪರಪ್ಪನ ಅಗ್ರಹಾರದಲ್ಲಿ ವಿ. ಕೆ. ಶಶಿಕಲಾ ಅವರಿಗೆ ವಿಶೇಷ ಸವಲತ್ತು ಸಿಗುತ್ತಿದೆಯೆಂದು ವರದಿ ಕೊಟ್ಟದ್ದು, ಕೆಲವೇ ದಿನದಲ್ಲಿ ವರ್ಗವಾದದ್ದು, ಆರೋಪ ಅಲ್ಲಗಳೆದ ಮೇಲಧಿಕಾರಿ ಮಾನನಷ್ಟ ಮೊಕದ್ದಮೆ ಹೂಡಿದ್ದು ನಿಮಗೆಲ್ಲ ನೆನಪಿರಬಹುದು. ಆಗ ನಮ್ಮ ನಡುವೆ ಓಡಾಡಿದ ಇಮೇಲ್‌ಗಳನ್ನು ಮೊನ್ನೆ ತೆಗೆದು ನೋಡಿದೆ. ಅಧಿಕಾರಿಯ ಧೈರ್ಯ, ಪ್ರಚಾರಪ್ರಿಯತೆ, ಇಂಥವೇ ತುಂಬಿವೆ. ಜೈಲಿನ ಆಡಳಿತದ ಬಗ್ಗೆ ಒಂದು ಸಾಲೂ ಇಲ್ಲ. ನನ್ನ ಇಮೇಲಿನಲ್ಲೂ ಇಲ್ಲ.

ಕೂಟದಲ್ಲಿ ಹಿರಿಯರೊಬ್ಬರು ವಿಭೀಷಣನ ಮಾತು ತೆಗೆದರು. ನನಗೆ ನೆನಪಾದದ್ದು ವಿಕರ್ಣ. ವಿಭೀಷಣ ಸಮುದ್ರ ದಾಟಿ ಆಚೆ ದಡ ಸೇರಿದ. ವಿಕರ್ಣ ಸಭೆಯಲ್ಲೇ ನಿಂತು ಅಣ್ಣಂದಿರ ಮುಂದೆಯೇ ಇದು ಅಧರ್ಮ ಎಂದ. ಸಭೆ ಭೇಷ್ ಎಂದಿತು. ಕರ್ಣ ಗದರಿದ್ದೇ ಸುಮ್ಮನಾಯಿತು. ವಿಕರ್ಣ ಕೊನೆಗೆ ಅಣ್ಣನ ಪಕ್ಷದಲ್ಲೇ ಕಾದಿ ಸತ್ತ, ಒಸ್ಸಿಯೆಟ್ಸ್ಕಿ ಹಾಗಲ್ಲ; ಹೋಲಿಕೆಯನ್ನು ಬಹಳ ಎಳೆಯಬಾರದು. ಆದರೆ ಆ ಸಭೆಯ ಭೇಷ್ ಮಾತ್ರ ನನಗೆ ಬಹಳ ಪರಿಚಿತ.

ಯಾಕೆಂದರೆ ನನ್ನ ಚಿಕ್ಕಪ್ಪನ ಮಗ ಊರಿನ ಒಂದು ಕಚೇರಿಯಲ್ಲಿ ಗುಮಾಸ್ತ. ಕೆಲವು ವರ್ಷದ ಹಿಂದೆ ಒಂದು ಬಿಲ್ಲಿನ ಮೇಲೆ ಸಹಿ ಹಾಕದೆ, ಕಾರಣವನ್ನು ಬರೆದು ಮೇಲಕ್ಕೆ ಕಳಿಸಿದ. ವರ್ಗ ಆಯಿತು, ಇಲಾಖಾ ವಿಚಾರಣೆಯೂ ಬಂತು. ನಾನು ಇಲ್ಲಿಂದ ಗೆಳೆಯರಿಗೆಲ್ಲ ಅವನ ಬಗ್ಗೆ ಬರೆದೆ, ಅವರು ಅವನನ್ನು ಹೊಗಳಿ ಬರೆದರು, ಅದನ್ನೆಲ್ಲ ಒಟ್ಟುಮಾಡಿ ಅವನಿಗೆ ಕಳಿಸಿ ಫೋನ್ ಮಾಡಿದೆ.

“ಎಲ್ಲಾ ಓದಿದೆ ಅಣ್ಣ,” ಎಂದ. “ಅಮ್ಮಂಗೂ ಓದಿ ಹೇಳಿದೆ, ಖುಷಿಪಟ್ಟರು. ಆದರೆ ನೋಡು, ಅಷ್ಟು ಜನ ಬರೆದಿದಾರೆ, ಆ ಬಿಲ್ಲು ಏನರದ್ದು ಅಂತ ಒಬ್ಬರೂ ಕೇಳಿಲ್ಲ. ನೀನೂ ಕೇಳಲಿಲ್ಲ.”

ಆಗ ಕೇಳಿದೆ. ಶಾಲೆಯ ಮಕ್ಕಳ ಕುಡಿಯುವ ನೀರಿನ ಟ್ಯಾಂಕಿನದು, ಟ್ಯಾಂಕೇ ಇರಲಿಲ್ಲ.

ಮುಂದಿನ ಕೂಟಕ್ಕೆ ಕ್ರೈಸರನ ಮೂಲ ಲೇಖನವನ್ನು ತರುತ್ತೇನೆ. ಅರ್ಧಕ್ಕಿಂತ ಹೆಚ್ಚು ಭಾಗ ವಿಮಾನ ಕಂಪನಿಗಳ ಹಣಕಾಸು; ಬೇಸರ ಬರುವುದು ಖಂಡಿತ. ಜರ್ಮನ್ ಬಲ್ಲವರು ಸಾಧ್ಯವಾದರೆ ಮೊದಲೇ ಓದಿಕೊಂಡು ಬನ್ನಿ. ಚಿತ್ರಾನ್ನ ಈ ಸಲ ಮೊದಲೇ ತಿಂದುಬಿಡೋಣ.