ಪಳಗಿದ ಕೈ

ಚಿಕ್ಕಂದಿನಲ್ಲಿ ಅಪ್ಪ ನನ್ನನ್ನು ಕಟಿಂಗ್‌ಗೆ ಗದಗಿಗೆ ಕರೆದೊಯ್ಯುತ್ತಿದ್ದ. ನಮ್ಮೂರಿನಲ್ಲೂ ಕ್ಷೌರದಂಗಡಿ ಇತ್ತು. (ಊರಿನ ಹೆಸರು ಬೇಡ.) ಬಸ್ಸು ಕಣಗಿನಹಾಳದಲ್ಲಿ ನಿಂತಾಗ, 'ಇಲ್ಲೇ ನೋಡಪಾ, ದೇಶದಾಗ ಮೊದಲನೇ ಸೊಸಾಯ್ಟಿ ಹುಟ್ಟಿದ್ದು' ಅನ್ನುತ್ತಿದ್ದ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ. ಸಹಕಾರ ಎಂಬ ಮಾತು ನಾನು ಕಲಿತದ್ದು ಕ್ಷೌರಕ್ಕೆ ಹೋಗುವ ಬಸ್ಸಿನಲ್ಲಿ.

ಅಂಬೇಡ್ಕರರ 'ವೇಟಿಂಗ್ ಫಾರ್ ಎ ವೀಸಾ' ಪಾಠ ಮಾಡುವಾಗ ನಾವೆಲ್ಲ ಗೋರೆಗಾಂವಿನ ಗಾಡಿ ಪ್ರಯಾಣದಲ್ಲೇ ನಿಂತುಬಿಡುತ್ತೇವೆ. ಅದೇ ಭಾಗದಲ್ಲಿ ಕ್ಷೌರದ ಮಾತೂ ಇದೆ. ಸಾತಾರೆಯಲ್ಲಿ ಕ್ಷೌರಿಕರಿಗೆ ಕೊರತೆಯಿರಲಿಲ್ಲ, ಕೊಡಲು ದುಡ್ಡೂ ಇತ್ತು. ಅಸ್ಪೃಶ್ಯರ ತಲೆ ಮುಟ್ಟಲು ಒಬ್ಬನೂ ಒಪ್ಪುತ್ತಿರಲಿಲ್ಲ. ಅಕ್ಕನೇ ಕತ್ತರಿಸುತ್ತಿದ್ದಳು, ಮಾಡಿ ಮಾಡಿ ಪಳಗಿದ್ದಳು. ನಮ್ಮ ವಿಮರ್ಶೆ ಇಲ್ಲಿ 'ಅವಮಾನ' ಎಂದು ಗೆರೆ ಎಳೆದು ಮುಂದೆ ಹೋಗುತ್ತದೆ. ಆ ಪಳಗಿದ ಕೈ ಅದಕ್ಕೆ ಕಾಣುವುದಿಲ್ಲ. ಎಲ್ಲಕ್ಕೂ ಬಡತನವೇ ಕಾರಣ ಎನ್ನುವ ಗೆಳೆಯರಿಗೆ 'ದುಡ್ಡಿತ್ತು' ಎಂಬುದೂ ಕಾಣುವುದಿಲ್ಲ.

ಇದು ಹಳೇ ಮಾತು ಅಂತ ಹುಡುಗರು ಅಂತಾರೆ. ಅಸ್ಪೃಶ್ಯತೆಯ ವಿರುದ್ಧ 1955ರಲ್ಲೇ ಕಾಯ್ದೆ ಬಂತು, ನಿಜ. 2024ರ ಆಗಸ್ಟ್‌ನಲ್ಲಿ, ಪಕ್ಕದ ಕೊಪ್ಪಳ ಜಿಲ್ಲೆಯ ಸಂಗನಾಳದಲ್ಲಿ, ಕಟಿಂಗ್‌ಗೆ ಹೋದ ದಲಿತ ಯುವಕ ಕತ್ತರಿ ಇರಿತಕ್ಕೆ ಸತ್ತ.

ಮೊನ್ನೆ ನನ್ನ ಮಗನನ್ನೂ ಗದಗಿನಲ್ಲೇ ಕುರ್ಚಿಗೆ ಅಡ್ಡ ಇಟ್ಟ ಹಲಗೆ ಮೇಲೆ ಕೂರಿಸಿದೆ. ಕತ್ತರಿ ಆಡಿಸುತ್ತಲೇ ಅವರು, 'ಯಾವೂರ್ರಿ ಸರ? ಯಾರ ಪೈಕಿ?' ಅಂದರು. 'ಕಾಲೇಜ್ ಮಾಸ್ತರ್ರೀ' ಅಂದೆ. ಎರಡನೇ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಮಗ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ.