ಅಪ್ಪದ ಹಿಟ್ಟಿನೊಳಗಿನ ಆಪದ್ಬಾಂಧವ

ಪಾಲಪ್ಪಂ ತಟ್ಟೆಗೆ ಬಿದ್ದರೆ ಎಲ್ಲರ ಕೈ ಮೊದಲು ಹೋಗುವುದು ಗರಿಗರಿ ಅಂಚಿಗೆ. ನನ್ನದು ನಡುವಿನ ಮೆತ್ತನೆಯ ಭಾಗಕ್ಕೆ. ಅಲ್ಲಿನ ತೂತುಗಳು ಸಣ್ಣಗೆ, ಒತ್ತೊತ್ತಾಗಿದ್ದರೆ ಹುದುಗು ಸರಿಯಾಗಿ ಬಂದಿದೆ ಎಂದು ಲೆಕ್ಕ. ಕಳೆದ ವಾರ ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ತಿಂದ ಅಪ್ಪ ಈ ಪರೀಕ್ಷೆಯಲ್ಲಿ ಗೆದ್ದಿತು. 1920ರಲ್ಲಿ ಕೊಚ್ಚಿಗೆ ಬಂದ ಎಂಜಿನಿಯರ್ ರಾಬರ್ಟ್ ಬ್ರಿಸ್ಟೊ ಹಿನ್ನೀರಿನ ಹೂಳೆತ್ತಿ ಕಟ್ಟಿಸಿದ ದ್ವೀಪವಿದು. ಇಲ್ಲಿ ಸೆಕೆಗೆ ಬರವಿಲ್ಲ. ಹಿಟ್ಟು ಉಕ್ಕುವುದೂ ಬೇಗ, ಹುಳಿಯಾಗುವುದೂ ಬೇಗ.

ಕೇರಳದ ಅಪ್ಪಕ್ಕೂ ನಮ್ಮ ಮಂಗಳೂರು ಕ್ರೈಸ್ತರ ಸನ್ನಕ್ಕೂ ಹಳೆಯ ಹುದುಗು ಕಳ್ಳು. ಈಗ ಹಲವು ಮನೆಗಳಲ್ಲಿ ಪೊಟ್ಟಣದ ಯೀಸ್ಟ್. ಪೊಟ್ಟಣದಲ್ಲಿರುವ ಸ್ಯಾಕರೊಮೈಸಿಸ್ ಸೆರೆವಿಸಿಯೆ ಕಳ್ಳಿನಲ್ಲೂ ಸಿಗುತ್ತದೆ. ಸೆಕೆ ಏರಿದಾಗ ಅದು ಹೇಗೆ ತಾಳಿಕೊಳ್ಳುತ್ತದೆ?

ಯೀಸ್ಟಿನ ಡಿಎನ್‌ಎ ಎಳೆ ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿಕೊಂಡಿರುತ್ತದೆ. ಇದೇ ಕ್ರೊಮ್ಯಾಟಿನ್. ಅಲ್ಲಿ ಕೂತು ಜೀನುಗಳನ್ನು ಎಬ್ಬಿಸುವ, ಮಲಗಿಸುವ ಪ್ರೋಟೀನುಗಳಿಗೆ ಸುಮೊ ಎಂಬ ಇನ್ನೊಂದು ಪುಟ್ಟ ಪ್ರೋಟೀನು ಬಂದು ಅಂಟುತ್ತದೆ. ಹೆಸರು ಕೇಳಿ ಜಪಾನಿನ ಕುಸ್ತಿಯ ನೆನಪಾದರೂ ಇದು ಸುಮಾರು ನೂರು ಅಮೈನೊ ಆಮ್ಲಗಳ ಪೋರ. ಇದನ್ನು ಅಂಟಿಸಲು ಯುಬಿಸಿ9 ಎಂಬ ಕಿಣ್ವ, ಕಳಚಲು ಮುಖ್ಯವಾಗಿ ಯುಎಲ್‌ಪಿ1.

ಟೊರಾಂಟೊದ ಯಾರ್ಕ್ ವಿಶ್ವವಿದ್ಯಾಲಯದ ರೊಸೊನಿನಾ ತಂಡ 2023ರಲ್ಲಿ ಒಂದು ಸೋಜಿಗ ತೋರಿಸಿತು. ಸುಮೊ ಅಂಟುವಿಕೆಯನ್ನು ಶೇ 75ರಷ್ಟು ತಗ್ಗಿಸಿದರೂ ಮಾಮೂಲಿ ದಿನಗಳಲ್ಲಿ ಯೀಸ್ಟ್ ಏನೂ ಆಗದಂತೆ ಬೆಳೆಯಿತು. ಆದರೆ ಯುಬಿಸಿ9 ಕುಂದಿದ ತಳಿ ಬಿಸಿಗೆ ಸೋತಿತು. ಅಂಟುವಿಕೆ ಶೇ 5ಕ್ಕೆ ಇಳಿದ ಕೋಶಗಳಲ್ಲಂತೂ ಜೀನುಗಳ ನಕಲು ತೆಗೆಯುವ ಆರ್‌ಎನ್‌ಎ ಪಾಲಿಮರೇಸ್, ಬಿಸಿ ತಾಗಿದೊಡನೆ ಮಿತಿಮೀರಿ ಜಾಗ ಬದಲಿಸಿತು. ಆರೋಗ್ಯವಂತ ಕೋಶದಲ್ಲಿ ಹಾಗಲ್ಲ: ಹದವಾದ ಬಿಸಿ ತಾಗುತ್ತಲೇ ಯುಎಲ್‌ಪಿ1 ಕಡಿಮೆಯಾಗುತ್ತದೆ, ಸುಮೊ ಹೆಚ್ಚು ಅಂಟುತ್ತದೆ.

ಆಪತ್ತಿಗಾದವನೇ ನೆಂಟ ಎನ್ನುವುದು ಇದಕ್ಕೇ. ಸುಖದಲ್ಲಿ ಲೆಕ್ಕಕ್ಕಿಲ್ಲದವನು ಸೆಕೆಯಲ್ಲಿ ಮನೆ ಕಾಯುತ್ತಾನೆ.

ಹಾಗೆಂದು ನೆಂಟನ ಮೇಲೆ ಭಾರ ಹೇರಿ ಪೊಟ್ಟಣದ ಯೀಸ್ಟಿಗೆ ಕುದಿನೀರು ಸುರಿಯಬೇಡಿ. 60 ಡಿಗ್ರಿ ದಾಟಿದರೆ ಯಾವ ಸುಮೊ ಕೂಡ ಉಳಿಸಲಾರ. ನೀರು ಉಗುರುಬೆಚ್ಚಗಿದ್ದರೆ ಸಾಕು.